ರೋಡ್ಸ್ ನೋಡುವ ಆಸೆ

ಕನ್ನಡದಲ್ಲಿ ಬರೆದರೆ ಆ ಗ್ರೀಕ್ ದ್ವೀಪದ ಹೆಸರಿಗೂ ನಾವು ರಸ್ತೆಗಳಿಗೆ ಅನ್ನುವ ಇಂಗ್ಲಿಷ್ ಮಾತಿಗೂ ವ್ಯತ್ಯಾಸವಿಲ್ಲ. ಎರಡೂ ರೋಡ್ಸ್. ಈ ಒಂದು ಶಬ್ದ ಹಿಡಿದುಕೊಂಡು ನಾನು ವರ್ಷಗಟ್ಟಲೆ ನನ್ನ ಹೆಂಡತಿಯನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದೆ.

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇತ್ತು. ಪಕ್ಕದಲ್ಲಿ ಬಟ್ಟೆ ಹೊಲಿಯುತ್ತಿದ್ದ ಮುದುಕಿ ಆ ದ್ವೀಪದವಳು. ಗಿರಾಕಿ ಇಲ್ಲದಾಗ ತನ್ನ ಊರಿನ ಫೋಟೋ ತಂದು ನನ್ನ ಹೆಂಡತಿಗೆ ತೋರಿಸುತ್ತಿದ್ದಳು. ಸೂರ್ಯದೇವನ ಕಂಚಿನ ಮಹಾಮೂರ್ತಿ ಭೂಕಂಪಕ್ಕೆ ಮೊಣಕಾಲಲ್ಲೇ ಮುರಿದು ಬಿದ್ದದ್ದು, ಶತಮಾನಗಳ ಕಾಲ ಬಿದ್ದಲ್ಲೇ ಇದ್ದು ಕಡೆಗೆ ಗುಜರಿಗೆ ಹೋದದ್ದು, ಕ್ರೈಸ್ತ ಯೋಧರ ಕೋಟೆಯನ್ನು ತುರ್ಕರು ಮುತ್ತಿಗೆ ಹಾಕಿ ಗೆದ್ದದ್ದು, ಲಿಂಡೋಸ್ ಗುಡ್ಡದ ನೆತ್ತಿಯ ಗುಡಿ, ಎಲ್ಲವನ್ನೂ ಇವಳು ರಾತ್ರಿ ಊಟಕ್ಕೆ ಬಡಿಸುತ್ತ ನನಗೆ ಹೇಳುವಳು.

"ಅಲ್ಲಿ ಓಣಿಯೊಳಗ ಇನ್ನೂ ಕಲ್ಲಿನ ಗುಂಡು ಬಿದ್ದಾವಂತ್ರಿ. ನಮ್ಮ ಬಿಜಾಪುರದ ಮಲಿಕ್-ಎ-ಮೈದಾನ್ ತೋಪು ನೆನಪಾತು. ಒಮ್ಮೆ ರೋಡ್ಸ್ ನೋಡಿ ಬರೂಣಲ್ರಿ."

ಅವಳು ಬಿಜಾಪುರದಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದವಳು. ನಾನು ಹೈಸ್ಕೂಲಿಗೇ ನಿಂತವನು. ಅವಳು ಹಾಗೆ ಮಾತಾಡುವಾಗ ನಾನು ಸಾರಿಗೆ ಉಪ್ಪು ಕಡಿಮೆ ಅನ್ನುತ್ತಿದ್ದೆ.

ಡಲ್ಲಾಸಿನಲ್ಲಿ, ಲಾಸ್ ಕೊಲಿನಾಸ್ ಬಡಾವಣೆಯ ಗೆಳೆಯನ ಮನೆಯ ಊಟದಲ್ಲಿ ನಾನೇ ಶುರು ಮಾಡಿದೆ. "ಕೇಳ್ರಿಲ್ಲೆ, ನಮ್ಮ ಮನಿಯಾಕಿ ರೋಡ್ಸ್ ನೋಡಬೇಕಂತ! ಹ್ಯೂಸ್ಟನ್ನಿನಾಗ ರೋಡ್ಸಿಗೇನ ಬರಗಾಲ ಬಿದ್ದದ?"

ಎಲ್ಲರೂ ನಕ್ಕರು. ಮೈಸೂರು ಕಡೆಯ ಒಬ್ಬ ವಿದ್ಯಾರ್ಥಿ, "ಅಂಕಲ್, ಆಂಟಿಗೆ ಟೋಲ್ ರೋಡೇ ತೋರಿಸ್ಬಿಡಿ, ಕಂಜೂಸ್ ಮಾಡ್ಬೇಡಿ" ಎಂದ. ಹೋಳಿಗೆ ತಟ್ಟೆ ಹಿಡಿದು ನಿಂತಿದ್ದ ಅವಳೂ ನಕ್ಕಳು. ಅವಳು ನೋಡಬೇಕೆಂದದ್ದು ದ್ವೀಪವನ್ನು ಎಂದು ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ.

ಆಮೇಲೆ ಹೋದಲ್ಲೆಲ್ಲ ಅದೇ ಹಾಸ್ಯ. ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿ ಹೇಳಿದಾಗ ಅವಳೊಬ್ಬಳು ನಗಲಿಲ್ಲ. "ಅಪ್ಪಾ, ದಟ್ಸ್ ನಾಟ್ ಫನಿ." "ನಿಂಗ ಕನ್ನಡ ಬರ್ತಿದ್ರ ನಗ್ತಿದ್ದಿ" ಎಂದು ಅವಳ ಬಾಯಿಯನ್ನೂ ಮುಚ್ಚಿಸಿದೆ.

ಒಂದು ಬೇಸಿಗೆಯಲ್ಲಿ ಆ ಮುದುಕಿ ಊರಿಗೆ ಹೊರಟಳು. ತನ್ನ ಮನೆಯಲ್ಲೇ ಇರಬಹುದೆಂದು ಇವಳನ್ನೂ ಕರೆದಳು. "ಅಂಗಡಿ ಯಾರು ನೋಡವರು?" ಎಂದೆ ನಾನು. ಅವಳು ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೂ ಕಳಿಸುತ್ತಿರಲಿಲ್ಲ. ಮುದುಕಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ದ್ವೀಪದ ಮಾತೇ ನಿಂತಿತು. ನನಗೆ ಅದು ಗೆಲುವು ಅನ್ನಿಸಿತ್ತು.

ಈಗ ಅಂಗಡಿ ಇಲ್ಲ. ಹೋದ ತಿಂಗಳು ಅವಳು ಮೊಣಕಾಲಿಗೆ ಮುಲಾಮು ತಿಕ್ಕುತ್ತ ಕೂತಿದ್ದಾಗ ಹತ್ತಿರ ಹೋಗಿ, "ನಡಿ, ರೋಡ್ಸಿಗೆ ಹೋಗೂಣು. ಮಗಳು ಟಿಕೆಟ್ ನೋಡ್ಲಿಕತ್ತಾಳ" ಎಂದೆ.

ಅವಳು ತಲೆ ಎತ್ತಲಿಲ್ಲ. "ಯಾತಕ್ರಿ? ಇಲ್ಲೇನ ರೋಡ್ಸಿಗೆ ಬರಗಾಲ ಬಿದ್ದದ?"

ನಗುತ್ತಾಳೇನೋ ಎಂದು ಕಾದೆ. ಅವಳು ಮುಲಾಮಿನ ಮುಚ್ಚಳ ತಿರುವಿದಳು.

ಮರುದಿನ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ಹೈವೇಯಲ್ಲಿ ತೈಲ ಕಂಪನಿಗಳ ಎನರ್ಜಿ ಕಾರಿಡಾರ್ ದಾಟುವಾಗ ಕೇಳಿದೆ: "ಆ ಕಂಚಿನ ಮೂರ್ತಿ ಎಷ್ಟು ಎತ್ತರ ಇತ್ತಂತ?" ನನಗೆ ನಿಜವಾಗಿಯೂ ಅವಳ ಬಾಯಿಂದ ಕೇಳಬೇಕಾಗಿತ್ತು.

ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

"ಎಕ್ಸಿಟ್ ಬಂತು ನೋಡ್ರಿ" ಎಂದಳು.