ಮಾಸ್ಟರಿಗೆ ಬೇಕಾದ ಹಂಚು

ಆಗ ನಾನು ಹಂಚಿನ ಕಾರ್ಖಾನೆಯ ಸೇಲ್ಸ್‌ನಲ್ಲಿದ್ದೆ. ಕುಂಗ್‌ಫೂ ಸಿನಿಮಾದ ಹೆಸರಾಂತ ಹೀರೋ ಸತ್ತ ಮೇಲೆ, ಕೊಡಿಯಾಲ್‌ಬೈಲಿನಲ್ಲಿ ಅವನದೇ ಹೇರ್‌ಸ್ಟೈಲಿನ ಕರಾಟೆ ಮಾಸ್ಟರೊಬ್ಬ ಹುಟ್ಟಿಕೊಂಡಿದ್ದ. ಹೀರೋನ ಫೋಟೋಕ್ಕೆ ಊದುಬತ್ತಿ ಹಚ್ಚಿ, "ಒಡೆಯುವುದು ಕೈಯಲ್ಲ, ಮನಸ್ಸು" ಎಂದು ತತ್ವ ಹೇಳುತ್ತಿದ್ದ. ಪ್ರದರ್ಶನಕ್ಕೆ ಹಂಚು ಕೇಳಲು ಬಂದಾಗ, ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಎನ್ನುವ ಗಟ್ಟಿ ಹಂಚುಗಳನ್ನೇ ಆರಿಸಿಕೊಟ್ಟೆ.

"ಇದು ಬೇಡ ಮಾರಾಯ. ಬಿರುಕು ಬಿಟ್ಟದ್ದು ಉಂಟಾ?"

"ಮನಸ್ಸಿಗೆ ಎಂತ ಆಯ್ತು ಮಾಸ್ಟರ್?"

"ಮನಸ್ಸು ಉಂಟು. ಹಂಚೂ ಸ್ವಲ್ಪ ಮನಸ್ಸು ಮಾಡಬೇಕಲ್ಲ!"

ಬಿರುಕಿನವು ಐದು ಕೊಟ್ಟೆ. ಪ್ರದರ್ಶನದ ದಿನ ಮೈಕಿನಲ್ಲಿ ನಮ್ಮ ಕಾರ್ಖಾನೆಯ ಹೆಸರು ಕೂಗಿಸಿ, ಒಂದೇ ಏಟಿಗೆ ಪುಡಿ ಮಾಡಿದ. ಚಪ್ಪಾಳೆಯೋ ಚಪ್ಪಾಳೆ.

ಮರುದಿನ, ಅದನ್ನು ನೋಡಿದ್ದ ದೇರೆಬೈಲಿನ ಗಿರಾಕಿಯೊಬ್ಬರು ಬಂದು, "ಕೈಯೇಟಿಗೆ ಒಡೆಯುವ ಹಂಚು ನನ್ನ ಮನೆಗೆ ಬೇಡ" ಎಂದರು. ಒಳ್ಳೆಯ ಹಂಚೊಂದನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ನಾನೇ ಹತ್ತಿ ನಿಂತೆ. ಹಂಚು ಜಪ್ಪಯ್ಯ ಅನ್ನಲಿಲ್ಲ.

"ಇಳಿಯಿರಿ ಮಾರಾಯ್ರೆ," ಎಂದರು ಗಿರಾಕಿ. "ಎಂತ ಸರ್ಕಸ್ ಇದು?"