ರುಕ್ಕು ಶೆಡ್ತಿ ಬಳೆ ಸಾಯ್ಬರನ್ನು ಕರೆಸಿದ್ದು

ಹೈದರಾಬಾದ್ ಸೀಮೆಯಲ್ಲಿ ರಜಾಕಾರರ ದಾಂಧಲೆ ಎದ್ದ ವರ್ಷ, ವಂಡ್ಸೆಯ ರುಕ್ಕು ಶೆಡ್ತಿಯ ಮಗ ರಾಯಚೂರಿನ ತನ್ನ ಹೋಟೆಲಿಗೆ ಅವರು ಬೆಂಕಿ ಹಾಕಿದ್ದರಿಂದ ಬೆಂದ ಕೈಯಲ್ಲಿ ಊರು ಸೇರಿದ. ಅದನ್ನು ಕಂಡ ಊರವರು, ಇನ್ನು ಯಾರೂ ಯಾವ ಸಾಯ್ಬರನ್ನೂ ಜಗಲಿ ಹತ್ತಿಸಬಾರದೆಂದು ಕಟ್ಟು ಮಾಡಿದರು. ಶೆಡ್ತಿಯ ಬಸುರಿ ಮಗಳು ಹರಿಣಾಕ್ಷಿಯ ಬಯಕೆ ಶಾಸ್ತ್ರ ಹತ್ತಿರ ಬಂದಿತ್ತು. ಆ ಮನೆಯ ಬಸುರಿಯರಿಗೆ ಬಳೆ ತೊಡಿಸುತ್ತಿದ್ದವರು ಮೊದಲಿನಿಂದಲೂ ಬುಡನ್ ಸಾಯ್ಬರು. ಶೆಡ್ತಿ ಅವರಿಗೇ ಹೇಳಿಕಳಿಸಿದರು.

ಶಾಸ್ತ್ರದ ದಿನ ಸಾಯ್ಬರು ಬಳೆಯ ಮಲಾರ ಹೊತ್ತು ಅಂಗಳಕ್ಕೆ ಬಂದಾಗ, ಮನೆಯ ಯಜಮಾನರಾದ ಶೆಡ್ತಿಯ ಅಣ್ಣ ಸಂಜೀವ ಶೆಟ್ರು ಎದ್ದುನಿಂತರು.

"ಮಗನ ಕೈ ಕಂಡೂ ಇವ್ರನ್ ಕರ್ಸಿದ್ಯಾ, ರುಕ್ಕು?"

"ಆ ಕೈಗ್ ದಿನಾ ಎಣ್ಣಿ ಹಚ್ಚುದ್ ನಾನ್, ಅಣ್ಣಯ್ಯ. ಬೆಂಕಿ ಹಾಕ್ದರ್ ಸಿಕ್ರೆ ಬಿಡೂದಿಲ್ಲೆ. ಬುಡನ್ ಸಾಯ್ಬ್ರ್ ರಾಯಚೂರ್ ಕಂಡದ್ದೇ ಇಲ್ಲೆ."

"ಊಟಕ್ಕೆ ಊರ್ನರ್ ಯಾರೂ ಬಪ್ಪುದಿಲ್ಲೆ, ಕಾಣ್."

"ಹಂಗಾರೆ ಪಾಯ್ಸ ನಮ್ಗೇ ಆಯ್ತ್. ಬನ್ನಿ ಸಾಯ್ಬ್ರೆ, ಮೇಲ್ ಕೂಕಣಿ."

ಸಾಯ್ಬರು ಅಳುಕುತ್ತಲೇ ಕುಳಿತು, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದರು. ಬಳೆ ತೊಟ್ಟವಳು ತೊಡಿಸಿದವರಿಗೆ ಕೈಮುಗಿಯುವುದು ಕ್ರಮ. ಹರಿಣಾಕ್ಷಿ ಸೋದರಮಾವನ ಮುಖ ನೋಡಿ ಹಿಂಜರಿದಳು.

"ಮುಗಿ, ಮಗಾ," ಎಂದರು ಶೆಡ್ತಿ.

ಅವಳು ತಲೆಬಾಗಿ ಕೈಮುಗಿದಳು. ಸಂಜೀವ ಶೆಟ್ರು ಉಣ್ಣದೆ ಅಂಗಳ ಇಳಿದುಹೋದರು. ಶೆಡ್ತಿ ಅವರನ್ನು ಕರೆಯಲಿಲ್ಲ; ವೀಳ್ಯದ ತಟ್ಟೆಯನ್ನು ಸಾಯ್ಬರ ಮುಂದಿಟ್ಟರು.