ಗದಿಗೆಮ್ಮನ ಹಲ್ಲು, ಸುಬೇದಾರರ ಸಲಾಮು

ಹೆಸರು ಮೌನಪ್ಪ. ಇಟ್ಟವರು ಯಾರೋ, ಕೂಸಿನ ಅಳು ಕೇಳಿಸಿಕೊಳ್ಳದೆ ಇಟ್ಟಿರಬೇಕು. ಸಿಕಂದರಾಬಾದಿನ ದಂಡಿನ ಪಕ್ಕದ ನನ್ನ ಅಂಗಡಿಗೆ ಸುಬೇದಾರ್ ಮೌನಪ್ಪ ಬರುತ್ತಿದ್ದಾರೆಂದರೆ ಎರಡು ಗಲ್ಲಿ ಆಚೆಯೇ ಗೊತ್ತಾಗುತ್ತದೆ. ಚಹಾದವನಿಗೆ ಹಿಂದಿಯಲ್ಲಿ, ಆಟೋದವನಿಗೆ ತೆಲುಗಿನಲ್ಲಿ ಬೈದು ಮುಗಿಸಿ, ಕನ್ನಡದ ಬೈಗುಳವನ್ನು ನನಗೆಂದೇ ಉಳಿಸಿಕೊಂಡು ಬರುತ್ತಾರೆ. ನಾನು ಕಾಶಿನಾಥ, ಬೀದರ್ ಕಡೆಯವನು. ಮಂದಿಯ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಹೊಟ್ಟೆಪಾಡು. ಹೊಟ್ಟೆ ತುಂಬುವುದು ಜುಲೈನಲ್ಲಿ ಮಾತ್ರ; ತಲೆ ಕೆಡುವುದೂ ಆಗಲೇ.

ಮೌನಪ್ಪ ಲಿಂಗಸುಗೂರು ಕಡೆಯವರು. ಮೀಸೆ ಮೂಡುವ ಮೊದಲೇ ಫೌಜಿಗೆ ಸೇರಿ, ಸುಬೇದಾರರಾಗಿ ನಿವೃತ್ತರಾಗಿ, ಇಲ್ಲೇ ನೆಲೆ ನಿಂತರು. ಸುಮ್ಮನೆ ಕೂರಲಾರದೆ ಒಂದು ಸಾಫ್ಟ್‌ವೇರ್ ಕಂಪನಿಯ ಸೆಕ್ಯುರಿಟಿಯವರಿಗೆ ಮುಖ್ಯಸ್ಥರಾದರು. ಸೇರುವ ದಿನ ಆಫೀಸಿನ ಹುಡುಗಿ, ಮೈಸೂರಿನ ಅಪೂರ್ವ, "ಅಂಕಲ್, ನಿಮಗೆ ಬೇರೆ ಆದಾಯ ಏನಾದ್ರೂ ಇದೆಯಾ?" ಎಂದು ಕೇಳಿದ್ದಳು. ಎದೆ ಸೆಟೆಸಿ "ಇಲ್ಲ" ಎಂದರಂತೆ. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಪಿಂಚಣಿ ಅವರಿಗೆ ಆದಾಯವಲ್ಲ. ಸರ್ಕಾರ ತಿಂಗಳಿಗೊಮ್ಮೆ ಹೊಡೆಯುವ ಸಲಾಮು. ಸಲಾಮನ್ನು ಆದಾಯವೆನ್ನುವ ಫೌಜಿಯನ್ನು ನಾನಂತೂ ಕಂಡಿಲ್ಲ.

ಅದೇ ವರ್ಷ ತೆರಿಗೆಯ ಪದ್ಧತಿ ಬದಲಾಗಿ, ವಿನಾಯಿತಿಯ ಮಿತಿ ಏರಿ, ಪಿಂಚಣಿಯಲ್ಲಿ ತಿಂಗಳಾ ತಿಂಗಳಾ ತೆರಿಗೆ ಕಡಿಯುತ್ತಿದ್ದದ್ದು ನಿಂತಿತು. "ಈಗರೆ ಸರ್ಕಾರಕ್ಕ ನಾಚ್ಕಿ ಬಂತು!" ಎಂದು ಮಾಜಿ ಸೈನಿಕರಿಗೆಲ್ಲ ಜಿಲೇಬಿ ಹಂಚಿದರು. ಕಂಪನಿಯೂ ಏನೂ ಕಡಿಯಲಿಲ್ಲ. ಎರಡು ಕಡೆಯವರೂ ತಾವು ಬಡಿಸಿದ ತಾಟನ್ನಷ್ಟೇ ನೋಡಿ, ಪಾಪ ಇವನ ಊಟ ಕಮ್ಮಿ ಎಂದು ಬಿಟ್ಟಿದ್ದರು. ಎರಡೂ ತಾಟು ಒಂದೇ ಹೊಟ್ಟೆಗೆ ಹೋಗುತ್ತಿರುವುದು ಅವರಿಗೇನು ಗೊತ್ತು? ಗೊತ್ತಾದದ್ದು ಜುಲೈನಲ್ಲಿ, ನನಗೆ.

ಉಳಿದ ದುಡ್ಡಿಗೆ ಒಂದು ಕೆಲಸ ಕಾದಿತ್ತು. ಹೆಂಡತಿ ಗದಿಗೆಮ್ಮನವರ ಹಲ್ಲು ಒಂದೊಂದೇ ಹೋಗಿ, ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವ ಗತಿ ಬಂದಿತ್ತು. ನಗು ಬಂದರೆ ಸೆರಗು ಬಾಯಿಗೆ. ಹಲ್ಲು ಕಟ್ಟಿಸಲೆಂದು ಕೂಡಿಟ್ಟ ಹಣ ಫೌಜಿನ ಕರಿ ಟ್ರಂಕಿನಲ್ಲಿತ್ತು. ಜುಲೈನ ಆ ದಿನ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದಿದ್ದರು. ನನ್ನಲ್ಲಿ ಮುಗಿಸಿ ಸೀದಾ ಹಲ್ಲಿನ ಡಾಕ್ಟರ ಹತ್ತಿರ ಹೋಗುವವರು.

ಪಿಂಚಣಿ, ಪಗಾರ ಎರಡನ್ನೂ ಕೂಡಿಸಿ, ಕಟ್ಟಬೇಕಾದ ತೆರಿಗೆಯನ್ನೂ ಅದರ ಮೇಲಿನ ಬಡ್ಡಿಯನ್ನೂ ಹೇಳಿದೆ. ಟ್ರಂಕು ಖಾಲಿಯಾಗುವಷ್ಟಿತ್ತು.

"ಅವ್ರೇ ಕಡದಿಲ್ಲ, ನಾ ಯಾಕ ಕೊಡ್ಲೋ ತಮ್ಮಾ?" ಮೌನಪ್ಪ ಗುಡುಗಿದರು. "ಫೌಜಿನ್ಯಾಗ ಮದ್ಲ ಕಡದು, ಉಳಿದದ್ದು ಕೊಡ್ತಾರ. ಕೈಗೆ ಬಂದದ್ದು ನಂದು."

"ಕಡೀಲಿಲ್ಲ ಅಂದ್ರ ಮಾಫಿ ಅಲ್ರಿ ಸಾಹೇಬ್ರ, ಬಾಕಿ."

"ಪಿಂಚಣಿ ಆದಾಯ ಅಲ್ಲ, ಸಲಾಮು!"

ಬೆಳಗಿನಿಂದ ಇಂಥವೇ ಕೇಳಿ ನನ್ನ ಪಿತ್ತ ನೆತ್ತಿಗೇರಿತ್ತು. "ಸಲಾಮು ಆಗಿದ್ರ ಹಣಿತನಕ ಬಂದು ನಿಲ್ಲಬೇಕಿತ್ತು. ಬ್ಯಾಂಕಿಗೆ ಯಾಕ ಹೊಕ್ಕೈತ್ರಿ?"

ಗದಿಗೆಮ್ಮ ಸೆರಗಿನೊಳಗೇ ನಕ್ಕುಬಿಟ್ಟರು. ಆಮೇಲೆ ಗಂಡನ ಕಡೆ ತಿರುಗಿದರು. "ನೀವು ಗಡಿ ಕಾಯೋ ಮುಂದ ಮನಿ ಕಾದಾಕಿ ನಾನು. ನನಗೆಲ್ಲೈತ್ರಿ ಸಲಾಮು? ಇರ್ಲಿ, ಕಟ್ಟಿಬಿಡ್ರಿ. ನೆನೆಸಿದ ರೊಟ್ಟಿ ರೂಢಿ ಆಗೇತಿ."

ಅವತ್ತು ಮೊದಲ ಸಲ ಮೌನಪ್ಪ ಹೆಸರಿಗೆ ತಕ್ಕಂತೆ ಕೂತರು. ನಾನು ತೆರಿಗೆ ಕಟ್ಟಿಸಿದೆ; ನನ್ನ ಫೀಸು ಕೇಳಲು ಬಾಯಿ ಬರಲಿಲ್ಲ.

"ಕಂಪನಿಯವ್ರಿಗೆ ಪಿಂಚಣಿನೂ ಐತಿ ಅಂತ ಬರೆದುಕೊಡ್ರಿ," ಎಂದೆ. "ಎರಡೂ ಕೂಡಿಸಿ ಪಗಾರದಾಗ ತಿಂಗಳಾ ತಿಂಗಳಾ ಸ್ವಲ್ಪ ಸ್ವಲ್ಪ ಕಡೀತಾರ. ಇಲ್ಲಾಂದ್ರ ಬರೋ ಜುಲೈದಾಗೂ ಅವ್ವಾರ ಹಲ್ಲು ಸರ್ಕಾರಕ್ಕ."

ಮಗಳ ವಯಸ್ಸಿನ ಅಪೂರ್ವಳ ಮುಂದೆ ಪಿಂಚಣಿಯನ್ನು ಆದಾಯ ಎನ್ನುವುದಕ್ಕಿಂತ ಗುಂಡೇಟು ತಿನ್ನುವುದೇ ವಾಸಿ ಎಂದು ಮೌನಪ್ಪ ಎದ್ದು ಹೋದರು. ಮರುದಿನ ನಾನು ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಇದ್ದಬದ್ದ ಪದಕಗಳೆಲ್ಲ.

"ನಿನ್ನಿ ಊಟಕ್ಕ ಕುಂತಾಗ ಆಕಿ ರೊಟ್ಟಿ ನೆನೆಸೋದು ನೋಡಿದ್ನೋ ತಮ್ಮಾ. ನಡಿ."

ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಪೂರ್ವಳ ಮೇಜಿನ ಮುಂದೆ ಬೂಟು ಕುಟ್ಟಿ ನಿಂತು, "ಮೇಡಂ! ನನಗ ಪಿಂಚಣಿ ಬರ್ತೈತಿ. ಅದೂ ಆದಾಯ. ಕಡೀರಿ!" ಎಂದು ಅರಚಿದರು. ಇಡೀ ಮಹಡಿ ತಿರುಗಿ ನೋಡಿತು. ಪಾಪ, ಆ ಹುಡುಗಿ ಹೆದರಿ ತಾನೂ ಎದ್ದು ನಿಂತಳು.

ಆಮೇಲೆ ಪ್ರತಿ ಪಗಾರದ ದಿನ ನನಗೊಂದು ಫೋನು. "ಕಡದ್ರಲ್ಲೋ!" ಎಂದು ಗೋಳಾಡುತ್ತಿದ್ದರು. "ಪಗಾರ ಕಡದಷ್ಟೂ ಅವ್ವಾರ ಹಲ್ಲು ಮೂಡಾಕತ್ತಾವ್ರಿ," ಎಂದು ಫೋನು ಇಟ್ಟುಬಿಡುತ್ತಿದ್ದೆ.

ಮುಂದಿನ ಜುಲೈನಲ್ಲಿ ಇಬ್ಬರೂ ಮತ್ತೆ ಬಂದರು. ಗದಿಗೆಮ್ಮನ ಕೈಯಲ್ಲಿ ಬಟ್ಟೆಗಂಟು. ಲೆಕ್ಕ ನೋಡಿ, "ಕಟ್ಟೋದು ಏನೂ ಇಲ್ರಿ," ಎಂದೆ. ಗದಿಗೆಮ್ಮ ಗಂಟು ಬಿಚ್ಚಿ, ನನಗೊಂದು ಕಡಕ್ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಇಟ್ಟು ಕೊಟ್ಟರು. ತಾವೂ ಒಂದು ತೆಗೆದುಕೊಂಡು ಕಟಕ್ ಎಂದು ಕಚ್ಚಿದರು. ಟ್ರಂಕಿನಲ್ಲಿ ಮತ್ತೆ ಕೂಡಿಟ್ಟ ಹಣದಲ್ಲಿ ಕಟ್ಟಿಸಿದ ಹೊಸ ಹಲ್ಲಿಗೆ ಗಟ್ಟಿ ತಿನಿಸು ಬೇಡವೆಂದು ಡಾಕ್ಟರು ಹೇಳಿದ್ದರಂತೆ, ಯಾರು ಕೇಳುತ್ತಾರೆ? ನಕ್ಕರು. ಸೆರಗು ಹೆಗಲ ಮೇಲೇ ಇತ್ತು.

ಮೌನಪ್ಪ ಎದ್ದು, ಹಿಮ್ಮಡಿ ಕೂಡಿಸಿ, ಸಲಾಮು ಹೊಡೆದರು. ನನಗಲ್ಲ.

"ಸಾಕು ಕುಂದರ್ರಿ," ಎಂದರು ಗದಿಗೆಮ್ಮ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ. "ಭಾಳ ತಡ ಆತು. ಆದ್ರೂ ನಡೀತೈತಿ."